ಕಾರ್ತಿಕದ ವರ್ಷ, ಆಶ್ವೀಜದ ಮಗಳು

"ವರ್ಷ ಯಾವಾಗ ಶುರುವಾಗಬೇಕು ಅಂತ ಹೇಳೋದಕ್ಕೆ ಆ ಚೈತ್ರ ಮಾಸ ಯಾರು? ಈ ನಾಡಿಗೆ ದೊರೆ ನಾನೋ, ಪಂಚಾಂಗವೋ?" ಎಂದು ಗುಡುಗಿದ ಕೆಂಚನದುರ್ಗದ ಹಾಲಪ್ಪ ನಾಯಕ.

ಅವನಿಗೆ ಪಟ್ಟವಾದದ್ದು ಕಾರ್ತಿಕ ಮಾಸದ ಮೊದಲ ದಿನ. ಹಾಗಾಗಿ ಇನ್ನು ಮೇಲೆ ವರ್ಷವೂ ಕಾರ್ತಿಕದಲ್ಲೇ ಹುಟ್ಟತಕ್ಕದ್ದು, ಆಶ್ವೀಜದಲ್ಲಿ ಮುಗಿಯತಕ್ಕದ್ದು ಎಂದು ಡಂಗುರ ಹೊಡೆಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಳೆಯ ಜಾತಕ, ಓಲೆ, ಕಲ್ಲಿನ ಬರಹ ಎಲ್ಲವನ್ನೂ ಇದೇ ಲೆಕ್ಕದಲ್ಲಿ ಓದಬೇಕೆಂದ. ವರ್ಷ ಯುಗಾದಿಯಿಂದ ಶುರು ಎಂದು ಬಾಯಿಬಿಟ್ಟವರ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಎಂದೂ ಸೇರಿಸಿದ.

ಆಸ್ಥಾನದ ಪಂಡಿತರು ಒಟ್ಟಾಗಿ "ಭಲೇ ಭಲೇ" ಎಂದರು. ಅವರಿಗೂ ಜುಟ್ಟಿನ ಮೇಲೆ ಆಸೆಯಿತ್ತಲ್ಲ.

ಕೆಲವು ತಿಂಗಳು ಕಳೆದ ಮೇಲೆ ಪೇಟೆಯ ಶೆಟ್ಟಿ ಚೆನ್ನವೀರಪ್ಪ ಒಂದು ದೂರು ತಂದ. ಅವನ ಹಿಂದೆಯೇ ಹದಿನೆಂಟು ವರ್ಷದ ಸಿರಿಯವ್ವ ಅಳುತ್ತ ಬಂದಳು. ಅವಳು ಶೆಟ್ಟಿಯ ಅಣ್ಣ, ಗಾಣದ ಮಲ್ಲೇಶಪ್ಪನ ಒಬ್ಬಳೇ ಮಗಳು. ಅಪ್ಪ, ಅವ್ವ ಇಬ್ಬರೂ ಇಲ್ಲ. ಅವಳಿಗೆ ಉಳಿದದ್ದು ಅಪ್ಪನ ಮನೆ, ಗಾಣ ಮಾತ್ರ.

"ಬುದ್ಧಿ, ಇವಳು ನಮ್ಮಣ್ಣನ ಮಗಳೇ ಅಲ್ಲ. ಮನೆ, ಗಾಣ ಎರಡೂ ನನಗೆ ಸೇರಬೇಕು" ಎಂದ ಶೆಟ್ಟಿ.

ಅರ್ಜಿ ಓದುವ ಕೆಲಸ ಸೂರಪ್ಪನದು. ಆಸ್ಥಾನದಲ್ಲಿ ಸಂಬಳಕ್ಕಿಂತ ಹೆಚ್ಚು ಬೈಗುಳ ತಿಂದವನು ಅವನೊಬ್ಬನೇ. ಅವನು ಜಾತಕ ತೆಗೆದು ಓದಿದ: ಮಗಳು ಹುಟ್ಟಿದ್ದು ದುಂದುಭಿ ಸಂವತ್ಸರದ ಆಶ್ವೀಜ ಮಾಸ. ಸಮಾಧಿಯ ಕಲ್ಲಿನ ಬರಹದ ನಕಲು ಓದಿದ: ಅಪ್ಪ ತೀರಿದ್ದು ಅದೇ ದುಂದುಭಿಯ ಕಾರ್ತಿಕ ಮಾಸ.

"ನೋಡಿದಿರಾ?" ಶೆಟ್ಟಿ ಮೀಸೆ ತಿರುವಿದ. "ದೊರೆಗಳ ಲೆಕ್ಕದಲ್ಲಿ ಕಾರ್ತಿಕ ಮೊದಲ ತಿಂಗಳು, ಆಶ್ವೀಜ ಕಡೇ ತಿಂಗಳು. ಅಣ್ಣ ಸತ್ತು ಹನ್ನೊಂದು ತಿಂಗಳ ಮೇಲೆ ಹುಟ್ಟಿದವಳು ಅವನ ಮಗಳು ಹೇಗಾದಾಳು?"

"ತಿಂಗಳ ಕೂಸಾಗಿದ್ದ ನನ್ನ ನಮ್ಮಪ್ಪ ಎತ್ತಿ ಆಡಿಸಿದ್ದನ್ನ ಊರೇ ಕಂಡಿದೆ ಬುದ್ಧಿ!" ಎಂದಳು ಸಿರಿಯವ್ವ.

ಊರು ತಲೆ ತಗ್ಗಿಸಿತು. ಕಂಡದ್ದನ್ನು ಹೇಳಿದರೆ ಯುಗಾದಿಯ ಲೆಕ್ಕ ಹೇಳಿದ ಹಾಗೆ. ಶೆಟ್ಟಿಯ ಮಾತು ನಿಂತರೆ ಹೆತ್ತ ತಾಯಿಯ ಮಾನವೂ ಹೋಗುತ್ತದೆ. ಆ ಹುಡುಗಿಯನ್ನು ಕಂಡು ಸೂರಪ್ಪನಿಗೆ ಮರುಕ ಹುಟ್ಟಿತು.

ದೊರೆಗೂ ಒಳಗೊಳಗೇ ಕಸಿವಿಸಿ. ಆದರೆ ಡಂಗುರ ಹೊಡೆಸಿದ ಮಾತನ್ನು ನುಂಗುವುದು ಹೇಗೆ? "ಸೂರಪ್ಪ, ನನ್ನ ಲೆಕ್ಕ ತಪ್ಪು ಅನ್ನಬೇಡ. ಹಾಗೆ ಅನ್ನದೆ ಇವಳ ಮನೆ ಉಳಿಸೋದಾದರೆ ಉಳಿಸು" ಎಂದ.

ಸೂರಪ್ಪ ಕೈಮುಗಿದ. "ನಿಮ್ಮ ಲೆಕ್ಕ ತಪ್ಪು ಅನ್ನೋಕೆ ನಾನ್ಯಾರು ಬುದ್ಧಿ? ಮನೆ ಶೆಟ್ಟರ ಹೆಸರಿಗೇ ಬರೆಯೋಣ. ವಂಶಾವಳಿಯೊಂದು ಬೇಕು, ಅಷ್ಟೇ. ಶೆಟ್ಟರೇ, ನಿಮ್ಮ ತರುವಾಯ ವಾರಸುದಾರ ಯಾರು?"

"ನನ್ನ ಮಗ ಗುರುಲಿಂಗ! ಅಪ್ಪಟ ನಮ್ಮ ವಂಶದ ಕುಡಿ."

"ನಿಮ್ಮ ಮದುವೆ ಯಾವಾಗ ಆಯಿತು?"

"ರಕ್ತಾಕ್ಷಿ ಸಂವತ್ಸರದ ವೈಶಾಖದಲ್ಲಿ. ಐದು ದಿನದ ಮದುವೆ! ಓಲೆ ಮನೇಲಿದೆ."

"ಗುರುಲಿಂಗ ಹುಟ್ಟಿದ್ದು?"

"ಅದೇ ರಕ್ತಾಕ್ಷಿಯ ಮಾಘದಲ್ಲಿ. ತಡ ಮಾಡೋ ಮನೆತನ ಅಲ್ಲ ನಮ್ಮದು" ಎಂದು ಶೆಟ್ಟಿ ಎದೆಯುಬ್ಬಿಸಿದ.

ಕರಣಿಕ ಎಲ್ಲವನ್ನೂ ಬರೆದುಕೊಂಡ. ಸೂರಪ್ಪ ಬೆರಳು ಮಡಿಚತೊಡಗಿದ. "ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ... ಇಲ್ಲಿ ಗುರುಲಿಂಗ ಹುಟ್ಟಿದ. ಫಾಲ್ಗುಣ, ಚೈತ್ರ, ವೈಶಾಖ... ಇಲ್ಲಿ ನಿಮ್ಮ ಮದುವೆ." ಅವನು ಗಾಬರಿಯಾದವನಂತೆ ಶೆಟ್ಟಿಯ ಕಡೆ ತಿರುಗಿದ. "ಮದುವೆ ಹೊತ್ತಿಗೆ ಮಗನಿಗೆ ಮೂರು ತಿಂಗಳು! ಧಾರೆ ಎರೆಯುವಾಗ ಕೂಸನ್ನು ಯಾರು ಎತ್ತಿಕೊಂಡಿದ್ದರು ಶೆಟ್ಟರೇ?"

ಸಭೆ ಬಾಯಿಗೆ ಸೆರಗು, ಶಲ್ಯ ಒತ್ತಿಕೊಂಡು ನಕ್ಕಿತು. ಶೆಟ್ಟಿಯ ಮುಖ ಕೆಂಪಾಯಿತು. "ನಾಲಿಗೆ ಬಿಗಿಹಿಡಿ! ನನ್ನ ಹೆಂಡತಿ ಮೇಲೆ ಅಪವಾದವೇ?"

"ನಾನು ಹೇಳಿದ್ದಲ್ಲ, ದೊರೆಗಳ ಲೆಕ್ಕ ಹೇಳಿದ್ದು. ಬೇರೆ ಲೆಕ್ಕ ಇದೆಯೇ?"

"ಇಲ್ಲದೇನು! ಆಗ ಬರೆದದ್ದೆಲ್ಲ ಆಗಿನ ಲೆಕ್ಕ! ಯುಗಾದಿಯಿಂದ ಎಣಿಸೋ ಮೂರ್ಖ, ಯುಗಾದಿಯಿಂದ!"

ಅಂದ ಮೇಲೆ ಶೆಟ್ಟಿಗೆ ತಾನು ಏನಂದೆ ಎಂಬುದು ತಿಳಿಯಿತು. ಅವನ ಕೈ ತಾನಾಗಿ ತಲೆಯ ಮೇಲೆ ಹೋಯಿತು.

ಸೂರಪ್ಪ ವಿನಯದಿಂದ ಬಾಗಿದ. "ಬುದ್ಧಿ, ನಾನಂತೂ ನಿಮ್ಮ ಲೆಕ್ಕ ತಪ್ಪು ಅನ್ನಲಿಲ್ಲ. ಶೆಟ್ಟರ ಲೆಕ್ಕದಲ್ಲೇ ಎಣಿಸಿದರೆ ಆಶ್ವೀಜ ಮೊದಲು, ಕಾರ್ತಿಕ ಆಮೇಲೆ. ಅಪ್ಪ ತೀರಿದಾಗ ಸಿರಿಯವ್ವ ತಿಂಗಳ ಕೂಸು."

ದೊರೆಯ ಎದೆ ಹಗುರಾಯಿತು. "ಮನೆ, ಗಾಣ ಎರಡೂ ಸಿರಿಯವ್ವನದು! ಕ್ಷೌರಿಕನನ್ನು ಕರೆಸಿ, ಶೆಟ್ಟಿಯ ತಲೆ ಬೋಳಾಗಲಿ! ಇನ್ನು ಹಳೆಯ ಬರಹಗಳನ್ನು ಹಳೆಯ ಲೆಕ್ಕದಲ್ಲೇ ಓದಿ. ನನ್ನ ಲೆಕ್ಕ ಹೊಸ ಬರಹಗಳಿಗೆ ಮಾತ್ರ. ಬರೆದುಕೋ ಕರಣಿಕ, ಹೊಸ ವರ್ಷದಿಂದ ಜಾರಿ."

"ಯಾವ ದಿನದಿಂದ ಅಂತ ಬರೆಯಲಿ ಬುದ್ಧಿ?" ಕರಣಿಕ ಕೇಳಿದ.

"ಅದನ್ನೂ ಕೇಳಬೇಕೇ? ಹೊಸ ವರ್ಷ ಅಂದಮೇಲೆ ಯುಗಾದಿಯಿಂದ!"

ಕರಣಿಕನ ಕೈಯ ಲೇಖನಿ ಓಲೆಯ ಮೇಲೆ ನಿಂತೇ ಹೋಯಿತು. ದೊರೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಕ್ಷೌರಿಕ ಚೀಲ ಹಿಡಿದು ಒಳಗೆ ಬಂದ.

ಸೂರಪ್ಪ ಅವನ ಕೈಯಿಂದ ಚೀಲ ಇಸಿದುಕೊಂಡು, ಕತ್ತಿಯನ್ನು ತೆಗೆದು ದೊರೆಯ ಮುಂದೆ ಭಕ್ತಿಯಿಂದ ಹಿಡಿದ.

"ಅಪ್ಪಣೆಯಾಗಲಿ ಬುದ್ಧಿ, ಮೊದಲು ಯಾರ ತಲೆ?"

ಹಾಲಪ್ಪ ನಾಯಕ ಒಂದು ಗಳಿಗೆ ಕತ್ತಿಯನ್ನೇ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೊರಳಿನ ಸರ ತೆಗೆದು ಸೂರಪ್ಪನ ಕೊರಳಿಗೆ ಹಾಕಿ, ಕ್ಷೌರಿಕನನ್ನು ಮನೆಗೆ ಕಳಿಸಿದ.