ದಾರಿ ಕೇಳಿದ ಪಾರಿವಾಳ

ಊರು ಬಿಡುವಾಗ ಒಡೆಯನೊಬ್ಬ ತನ್ನ ಸಾಕು ಪಾರಿವಾಳವನ್ನು ಪಾರ್ಕಿನಲ್ಲಿ ಬಿಟ್ಟುಹೋದ. ಅದರ ಹಳೆಯ ಗೂಡು ಪಡುವಣ ಬೀದಿಯ ತಾರಸಿಯ ಮೇಲಿತ್ತು. ಹಗಲೆಲ್ಲ ಅತ್ತಲೇ ಕಣ್ಣು. ಹೋಗಿ ನೋಡಲು ಮಾತ್ರ ಭಯ.

ಒಂದು ಬೆಳಿಗ್ಗೆ ಅಳಿಲು ಮರಳಿನ ಮೇಲೆ ಪಾರ್ಕಿನ ನಕ್ಷೆ ಬರೆದು ಎಲ್ಲರನ್ನೂ ಆಟಕ್ಕೆ ಕರೆಯಿತು.

"ನಕ್ಷೆ ನೋಡಿಕೊಂಡು ಬೇವಿನ ಮರ, ಕಾರಂಜಿ, ಜಾರುಬಂಡೆ ಮೂರನ್ನೂ ಮುಟ್ಟಿ ಬರಬೇಕು. ಪಾರಿವಾಳಮ್ಮ, ನೀವೂ ಬನ್ನಿ. ಇರುವ ಜಾಗದ ಪರಿಚಯವಾಗಲಿ."

ಪಾರಿವಾಳ ಬೇವಿನ ಮರ ಮುಟ್ಟಿತು. ಕಾರಂಜಿಯ ಬಳಿ ಅದರ ರೆಕ್ಕೆ ತಾನಾಗಿಯೇ ಪಡುವಣಕ್ಕೆ ತಿರುಗಿತು. ಮನಸ್ಸು ತಡೆಯಲಾರದೆ ಬೇಲಿ ದಾಟಿ ಹಾರಿಯೇಬಿಟ್ಟಿತು.

ತಾರಸಿ ಸಿಕ್ಕಿತು, ಗೂಡು ಸಿಗಲಿಲ್ಲ. ಅಲ್ಲಿ ಯಾರದೋ ಸೀರೆ ಒಣಗುತ್ತಿತ್ತು. ಪಾರಿವಾಳ ಬಹಳ ಹೊತ್ತು ಕೂಗಿತು. ಕಾಳು ಹಿಡಿದು ಯಾರೂ ಬರಲಿಲ್ಲ.

ಸಂಜೆ ಅದು ಮರಳಿದಾಗ ಅಳಿಲು ಒಂಟಿಯಾಗಿ ನಕ್ಷೆಯ ಪಕ್ಕ ಕುಳಿತಿತ್ತು.

"ಅಳಿಲಣ್ಣ, ಆಟ ಇನ್ನೂ ಮುಗಿದಿಲ್ಲವೆ?"

"ಮುಂಗುಸಿ ಗೆದ್ದು ಮನೆಗೂ ಹೋಯಿತು."

"ಮತ್ತೆ ನೀವೇಕೆ ಇಲ್ಲಿ?"

"ಹೊರಟವರೆಲ್ಲ ಬಂದು ಸೇರುವ ತನಕ ನಾನು ಏಳುವಂತಿಲ್ಲ. ನೀವೊಬ್ಬರು ಬರಬೇಕಿತ್ತು."

ಪಾರಿವಾಳ ಪಡುವಣದ ಕಡೆ ಇನ್ನೊಮ್ಮೆ ನೋಡಿತು. ಆಮೇಲೆ, ಹುಟ್ಟಿದಾಗಿನಿಂದ ಯಾರನ್ನೂ ದಾರಿ ಕೇಳದಿದ್ದ ಆ ಹಕ್ಕಿ ನಕ್ಷೆಯ ಮೇಲೆ ಕತ್ತು ಬಗ್ಗಿಸಿ, "ಜಾರುಬಂಡೆಗೆ ಹೇಗೆ ಹೋಗಬೇಕು?" ಎಂದು ಕೇಳಿತು.