ನೀಲಿ ಹಗ್ಗದ ಹಸು

ಕಡಲಾಚೆಯಿಂದ ಬಂದ ಒಂದೇ ಹಸುವಿನ ಸಂತತಿ ಏಳು ಮನೆಗಳಿಗೆ ಹಾಲು ಕೊಡುತ್ತಿದೆ ಎಂದು ಆಗ ಎಲ್ಲರೂ ನಂಬಿದ್ದರು. ಶಿಷ್ಯನೂ ನಂಬಿದ್ದ.

“ಗುರುಗಳೇ, ಆ ಹಸುವನ್ನು ಕೊಟ್ಟವನ ಋಣ ಎಷ್ಟು ದೊಡ್ಡದು?” ಎಂದು ಕೇಳಿದ.

ಗುರು ಹೇಳತೊಡಗಿದರು.

ಕೆರೆಯ ಆಚೆ ಒಬ್ಬ ಕುಂಬಾರಗಿತ್ತಿ ಒಂಟಿಯಾಗಿ ವಾಸವಾಗಿದ್ದಳು. ಪರದೇಶದ ದಾನಿಯೊಬ್ಬ ಊರಿಗೆ ಬಂದು, ಚೀಟಿ ಎತ್ತಿಸಿ, ಗಬ್ಬದ ಹಸುವೊಂದರ ನೀಲಿ ಹಗ್ಗವನ್ನು ಅವಳ ಕೈಗೆ ಕೊಟ್ಟ. ಕರಾರು ಒಂದೇ. ಮೊದಲ ಹೆಣ್ಣುಗರುವನ್ನು ಸಾಕಿ, ಕಡಸಾದ ಮೇಲೆ, ಮೂರು ವರ್ಷದ ಗಡುವಿಗೆ ಸರಿಯಾಗಿ, ಅದೇ ಹಗ್ಗದಲ್ಲಿ ಮುಂದಿನ ಮನೆಗೆ ಒಪ್ಪಿಸಬೇಕು. ಆ ಮನೆಯವರು ಅದರ ಮುಂದಿನ ಮನೆಗೆ. ಬಡವರು ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ ಎಂದು ಊರ ದೊಡ್ಡವರು, ದಾನಿ ಕೇಳದಿದ್ದರೂ, ಅವನಿಗೆ ತಿಳಿಸಿದರು.

ಮುಂದಿನ ಮನೆ ಒಬ್ಬ ವಿಧವೆಯದು. ಅವಳ ಮೂವರು ಮಕ್ಕಳು ಗಂಜಿನೀರಿನಲ್ಲೇ ಬೆಳೆಯುತ್ತಿದ್ದರು. ಅವಳು ತನ್ನ ಸರದಿಗೆ ದಿನ ಎಣಿಸುತ್ತಿದ್ದಳು.

ಮುಂದಿನ ಮೂರು ವರ್ಷ ಕುಂಬಾರಗಿತ್ತಿ ಮಡಕೆ ಸುಡುವ ಆವಿಗೆಯನ್ನು ಎಂದಿಗಿಂತ ಎರಡರಷ್ಟು ಸಲ ಹೊತ್ತಿಸಿದಳು. ಪರದೇಶದ ಹಾಲು ಕುಡಿದ ತೋಳು ಎಂದು ಊರವರು ಹೊಗಳಿದರು. ಗಡುವಿನ ದಿನ ಅವಳು ಕಡಸಿನೊಂದಿಗೆ ವಿಧವೆಯ ಬಾಗಿಲಿಗೆ ಬಂದಳು.

“ಅಕ್ಕಾ, ಆ ಪರದೇಶದವರ ಹಸುವಿನ ಬೆನ್ನು ಹಲಗೆಯ ಹಾಗಿತ್ತು. ಇದಕ್ಕೆ ಡುಬ್ಬ ಎಲ್ಲಿಂದ ಬಂತು?” ಎಂದಳು ವಿಧವೆ.

“ನಮ್ಮೂರ ಹುಲ್ಲು ತಿಂದಿದೆಯಲ್ಲೇ. ಮೊದಲು ಹಗ್ಗ ಹಿಡಿ, ಆಮೇಲೆ ಡುಬ್ಬ ನೋಡು.”

ವಿಧವೆ ಹಗ್ಗ ಹಿಡಿದಳು. ಕಡಸು ಹಸುವಾಯಿತು, ಮಕ್ಕಳು ಹಾಲು ಕುಡಿದರು. ಅವಳೂ ಮಾತು ತಪ್ಪಲಿಲ್ಲ. ಅವಳ ನಂತರದವರೂ ತಪ್ಪಲಿಲ್ಲ. ಹಗ್ಗ ಏಳನೆಯ ಮನೆ ತಲುಪಿತು.

ಇಪ್ಪತ್ತೈದು ವರ್ಷಗಳ ಮೇಲೆ ದಾನಿ ಮತ್ತೆ ಬಂದ. ಊರು ಹಾರ ಹಾಕಿತು. ದೊಡ್ಡವರು ಭಾಷಣ ಮಾಡಿದರು. ಮುದುಕಿಯಾಗಿದ್ದ ಕುಂಬಾರಗಿತ್ತಿ ದಾನಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣೀರು ನಾಟಕದ್ದಲ್ಲ.

“ಅದುವರೆಗೆ ನನ್ನನ್ನು ನಂಬಿ ಯಾರೂ ಒಂದು ಮೊರವನ್ನೂ ಕೊಟ್ಟಿರಲಿಲ್ಲ ಸ್ವಾಮಿ. ನೀವು ಹಗ್ಗ ಕೊಟ್ಟಿರಿ,” ಎಂದಳು.

ಶಿಷ್ಯನಿಗೆ ಸಮಾಧಾನವಾಯಿತು. ಏಳು ಮನೆಯವರೂ ಇಂದಿಗೂ ಆ ಪರದೇಶದ ಹಸುವನ್ನು ನೆನೆದು ಕೈ ಮುಗಿಯುವುದು ಸರಿಯೇ ಅಲ್ಲವೇ ಎಂದ.

ಗುರು ಹೇಳಿದರು: “ಆ ಹಸು ಬಂದ ಒಂಬತ್ತನೆಯ ದಿನ, ಕರು ಹಾಕುವ ಮೊದಲೇ ಸತ್ತಿತ್ತು.”