ಸಂಕಮ್ಮನ ಗೋಲ್‌ಕೀಪರು, ಅರಸನ ಮೂರು ರತ್ನಗಳು

ಜಾಲಿಗುಡ್ಡದ ಅರಸ ಭೈರವೇಂದ್ರನ ರಾಜ್ಯ ಚಿಕ್ಕದು, ಬಾಯಿ ದೊಡ್ಡದು. ಒಂದು ಬೆಳಗ್ಗೆ ಸಿಂಹಾಸನದ ಮೇಲೆ ಕಾಲು ಮಡಚಿ ಕೂತು, ಕೈಯಲ್ಲಿ ಮೊಬೈಲು ಹಿಡಿದು, ಸಭೆಗೆಲ್ಲ ಕೇಳುವಂತೆ ಹೇಳಿದ: "ನನ್ನ ಜೊತೆ ಆಟಗಾರರನ್ನು ಅದಲು ಬದಲು ಮಾಡಿಕೊಂಡು ಮೋಸಹೋದೆ ಅಂತ ಅತ್ತವನು ಈ ರಾಜ್ಯದಲ್ಲಿ ಒಬ್ಬನೂ ಇಲ್ಲ."

ಅದೇನೋ ನಿಜ. ಎಲ್ಲರೂ ಮನೆಗೆ ಹೋಗಿ ಅಳುತ್ತಿದ್ದರು.

ರಾಜರ ಕಾಲದಲ್ಲಿ ಮೊಬೈಲು ಎಲ್ಲಿತ್ತು ಎಂದು ಕೇಳುವವರು ಎದ್ದು ಹೋಗಬಹುದು, ಕತೆ ನಿಲ್ಲುವುದಿಲ್ಲ. ಜಾಲಿಗುಡ್ಡಕ್ಕೆ ಆಗ ಆನ್‌ಲೈನ್ ಫುಟ್‌ಬಾಲ್ ಲೀಗಿನ ಹುಚ್ಚು ಹಿಡಿದಿತ್ತು. ಅರಸನಿಂದ ಅಡುಗೆಯವಳವರೆಗೆ ಹನ್ನೆರಡು ಜನಕ್ಕೆ ಹನ್ನೆರಡು ತಂಡ. ಆಟಗಾರರಿಗೆ ಮೈಯಿಲ್ಲ, ಬರೀ ಹೆಸರು ಮತ್ತು ಅಂಕ. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತಿತ್ತು. ಗೆದ್ದವರು ಕುಣಿಯುವುದು, ಸೋತವರು ಊಟ ಬಿಡುವುದು ಮಾತ್ರ ನಿಜವಾಗಿ ನಡೆಯುತ್ತಿತ್ತು.

ಆ ದಿನ ಅರಸನ ಕಣ್ಣು ಅಡುಗೆಯ ಸಂಕಮ್ಮನ ಗೋಲ್‌ಕೀಪರ್ ಗೋಡೆ ಮಾದನ ಮೇಲೆ ಬಿತ್ತು. ಅವನು ನಿಂತರೆ ಚೆಂಡಿರಲಿ, ಸೊಳ್ಳೆಯೂ ಒಳಗೆ ಹೋಗುತ್ತಿರಲಿಲ್ಲ. ಅವನಿಂದಾಗಿಯೇ ಸಂಕಮ್ಮನ ತಂಡ ಮೊದಲ ಸಲ ಪಟ್ಟಿಯ ತುದಿಗೇರಿತ್ತು.

"ಸಂಕಮ್ಮ, ಮಾದನನ್ನು ಕೊಡು, ನನ್ನ ಮೂವರನ್ನು ತಗೋ," ಎಂದ ಅರಸ. "ಸಿಂಗಣ್ಣ, ಕೆಂಚ, ರುದ್ರ. ಒಬ್ಬನಿಗೆ ಮೂವರು. ಇಂಥ ಧರ್ಮಾತ್ಮ ಎಲ್ಲಿ ಸಿಗುತ್ತಾನೆ?"

ಅರಸನಿಗೆ ಇಲ್ಲ ಎನ್ನುವುದು ಹೇಗೆ? ಸಂಕಮ್ಮ ಹಿಟ್ಟು ಮೆತ್ತಿದ ಬೆರಳಲ್ಲೇ 'ಒಪ್ಪಿಗೆ' ಒತ್ತಿದಳು. ಆಮೇಲೆ ನೇರವಾಗಿ ಹಿತ್ತಲ ಜಗಲಿಗೆ ಬಂದಳು. ಅಲ್ಲಿ ಆಸ್ಥಾನದ ವಿದೂಷಕ ಕೋನಯ್ಯ ಕೋಡುಬಳೆ ಮುರಿಯುತ್ತಿದ್ದ.

"ಹದ್ನಾರು ವರ್ಷದವನಿದ್ದಾಗ ಕರ್ಕೊಂಡ್ ಬಂದೆ ಸ್ವಾಮಿ," ಎಂದಳು. "ಪೆನಾಲ್ಟಿ ಅಂದ್ರೆ ಕಣ್ಣು ಮುಚ್ಕೊಳ್ತಿದ್ದ. ಆರು ಸೀಸನ್ನು ತಿದ್ದಿ ತೀಡಿದೀನಿ. ಬೇರೆಯವ್ರ ಅಂಗಿ ತೊಟ್ಟು ಅವ್ನು ನಿಂತ್ರೆ ನಾನು ನೋಡಕಾಗಲ್ಲ."

ಕೋನಯ್ಯನ ಬಾಯಲ್ಲಿದ್ದ ಕೋಡುಬಳೆ ಸಪ್ಪೆಯಾಯಿತು. ಮೈಯಿಲ್ಲದ ಹುಡುಗನಿಗಾಗಿ ಮೈಯುಳ್ಳ ಹೆಂಗಸು ಅಳುವುದನ್ನು ನೋಡಿ ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಬದಲಿ ಪಕ್ಕಾ ಆಗುವ ಮೊದಲು ಒಂದು ದಿನ ತೂಗಾಡಬೇಕು ಅಲ್ಲವೇ?" ಎಂದ. " ಉಳಿದ ಹತ್ತು ಜನ ಮತ ಹಾಕಬೇಕು. ಒಂದು ಕಡೆಗೆ ಮೋಸವಾಗಿದೆ ಅಂತ ಹೆಚ್ಚಿನವರು ಕಾರಣ ಬರೆದರೆ ಬದಲಿ ರದ್ದು."

"ಅರಸರು ಮೋಸ ಮಾಡಿದ್ರು ಅಂತ ಯಾರು ಬರೀತಾರೆ? ಬೆಕ್ಕಿಗೆ ಗಂಟೆ ಕಟ್ಟೋರು ಯಾರು?"

"ಯಾರೂ ಬರೆಯುವುದು ಬೇಡ," ಎನ್ನುತ್ತ ಕೋನಯ್ಯ ಕೈ ಒರೆಸಿಕೊಂಡು ಸಭೆಗೆ ನಡೆದ.

"ಮಹಾಪ್ರಭು, ಒಂದು ಅನುಮಾನ. ಸಿಂಗಣ್ಣನಿಗೆ ಮೂವತ್ತೊಂಬತ್ತು ವರ್ಷ ಅಲ್ಲವೇ?"

"ಅದು ಅನುಭವ, ಕೋನಯ್ಯ. ಅವನು ಓಡುವುದಿಲ್ಲ, ಚೆಂಡೇ ಅವನನ್ನು ಹುಡುಕಿಕೊಂಡು ಬರುತ್ತದೆ."

"ಕೆಂಚನ ಕಾಲು ಮುರಿದಿದೆಯಂತೆ."

"ಆರು ತಿಂಗಳಿಂದ ವಿಶ್ರಾಂತಿಯಲ್ಲಿದ್ದಾನೆ. ಅವನಷ್ಟು ದಣಿವಿಲ್ಲದ ಆಟಗಾರ ಲೀಗಿನಲ್ಲೇ ಇಲ್ಲ."

"ರುದ್ರ ಪ್ರತಿ ಪಂದ್ಯದಲ್ಲೂ ಕೆಂಪು ಕಾರ್ಡು ತಿಂದು ಹೊರಗೆ ಬರುತ್ತಾನೆ."

"ಪೌರುಷ ಅಂದರೆ ಅದು. ಉಳಿದವರು ತೊಂಬತ್ತು ನಿಮಿಷ ಒದ್ದಾಡುತ್ತಾರೆ, ಅವನು ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸುತ್ತಾನೆ."

"ಹಾಗಾದರೆ ಈ ಮೂವರೂ..."

"ರತ್ನಗಳು. ಕೊಡುವಾಗ ಕರುಳು ಕಿತ್ತು ಬಂತು. ಈ ಬದಲಿಯಲ್ಲಿ ಯಾರಾದರೂ ಮುಳುಗಿದ್ದರೆ ಅದು ನಾನೇ."

ಕೋನಯ್ಯ ಕಾಯುತ್ತಿದ್ದುದು ಇದೇ ಮಾತಿಗೆ. ಶಲ್ಯದ ತುದಿಯಿಂದ ಕಣ್ಣೊತ್ತಿಕೊಂಡು ದಿವಾನನ ಕಡೆ ತಿರುಗಿದ. "ಕೇಳಿದಿರಾ, ದಿವಾನರೇ? ಮಹಾಪ್ರಭುಗಳು ಮುಳುಗುತ್ತಿದ್ದಾರೆ, ನಾವೆಲ್ಲ ದಡದಲ್ಲಿ ನಿಂತು ನೋಡುತ್ತಿದ್ದೇವೆ."

ಹೋದ ವರ್ಷವಷ್ಟೇ ತನ್ನ ಇಬ್ಬರು ಒಳ್ಳೆಯ ಆಟಗಾರರನ್ನು ಇಂಥದೇ ಬದಲಿಯಲ್ಲಿ ಅರಸನ ಕೈಗೆ ಕೊಟ್ಟು ಕಳೆದುಕೊಂಡಿದ್ದ ದಿವಾನ ಕೋನಯ್ಯನ ಮುಖ ನೋಡಿದ. ಎರಡು ಗಳಿಗೆ ಯೋಚಿಸಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ನೋಡಿ ಸೇನಾಪತಿ ಅತ್ತ, ಪುರೋಹಿತರಂತೂ ಹಿಂದಿನ ಮೂರು ಬದಲಿಗಳದ್ದೂ ಸೇರಿಸಿ ಅತ್ತುಬಿಟ್ಟರು. ಅರಸನಿಗೆ ತನ್ನ ಮೇಲೆ ಪ್ರಜೆಗಳ ಪ್ರೀತಿ ಕಂಡು ಹೊಟ್ಟೆ ತುಂಬಿತು.

ಮಾರನೆಯ ಬೆಳಗ್ಗೆ ಅರಸ ಮೊಬೈಲು ತೆರೆದರೆ ಬದಲಿ ರದ್ದಾಗಿತ್ತು. ಹತ್ತಕ್ಕೆ ಹತ್ತೂ ಮತ ವಿರುದ್ಧ.

ಅವನು ಕಾರಣಗಳನ್ನು ಗಟ್ಟಿಯಾಗಿ ಓದಿದ. ದಿವಾನ ಬರೆದದ್ದು: 'ಹಾಲಿನಂಥ ಮನಸ್ಸಿನ ನಮ್ಮ ಅರಸರನ್ನು ಅಡುಗೆಯವಳು ಮೋಸಗೊಳಿಸಿದ್ದಾಳೆ.' ಸೇನಾಪತಿ: 'ಪ್ರಾಣ ಕೊಟ್ಟೇವು, ಕೆಂಚನನ್ನು ಕೊಡೆವು.' ಪುರೋಹಿತರು: 'ರತ್ನ ಕೊಟ್ಟು ಬದನೆಕಾಯಿ ತರುವುದು ಶಾಸ್ತ್ರಸಮ್ಮತವಲ್ಲ.'

"ಯಾರಯ್ಯ ಹೇಳಿದ್ದು ನನಗೆ ಮೋಸವಾಗಿದೆ ಅಂತ?" ಅರಸ ಸಿಂಹಾಸನದಿಂದ ಎದ್ದೇಬಿಟ್ಟ. "ನನಗೆ ಒಂದು ಕೂದಲಿನಷ್ಟೂ ನಷ್ಟವಾಗಿಲ್ಲ."

ಕೋನಯ್ಯ ಒಂದು ಹೆಜ್ಜೆ ಮುಂದೆ ಬಂದ. ಕೈ ಮುಗಿದು, ಮೆಲ್ಲಗೆ ಕೇಳಿದ:

"ಹಾಗಾದರೆ ನಷ್ಟ ಯಾರಿಗೆ, ಮಹಾಪ್ರಭು?"

ಅರಸ ಬಾಯಿ ತೆರೆದ. ತನಗೆ ಎಂದರೆ ಮತ ಸರಿ. ಸಂಕಮ್ಮನಿಗೆ ಎಂದರೆ ನಿನ್ನೆಯ ರತ್ನಗಳೆಲ್ಲ ಗಾಜು, ಆಗಲೂ ಬದಲಿ ರದ್ದೇ. ತೆರೆದ ಬಾಯಿಯನ್ನು ಮುಚ್ಚಿದ. ಬಾಗಿಲ ಹತ್ತಿರ ಸಂಕಮ್ಮ ಮೊಬೈಲನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳನ್ನು ನೋಡಿದ, ಕೋನಯ್ಯನನ್ನು ನೋಡಿದ, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ದಿವಾನನನ್ನು ನೋಡಿದ. ಮೊದಲು ಅವನ ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಕೊನೆಗೆ ಕಿರೀಟವೇ ಜಾರಿ ಕಿವಿಯ ಮೇಲೆ ಕೂತಿತು.

"ಮಾದ ನಿನ್ನವನೇ, ಸಂಕಮ್ಮ," ಎಂದ ನಗುತ್ತಲೇ. "ಇನ್ನು ನಾನು ಕೇಳಿದರೂ ಕೊಡಬೇಡ. ಏನಯ್ಯ ಕೋನಯ್ಯ, ನಿನಗೂ ಬಹುಮಾನ ಕೊಡಬೇಕಲ್ಲ? ಆ ಮೂರು ರತ್ನಗಳನ್ನೂ ನಿನ್ನ ತಂಡಕ್ಕೆ ಕೊಟ್ಟಿದ್ದೇನೆ. ಬದಲಿಗೆ ಏನೂ ಬೇಡ."

ಸಭೆ ಘೊಳ್ಳೆಂದು ನಕ್ಕಿತು. ಕೋನಯ್ಯ ನೆಲ ಮುಟ್ಟಿ ನಮಸ್ಕರಿಸಿದ.

"ಮಹಾಪ್ರಸಾದ. ಆದರೆ ಇದೂ ನಾಳೆ ಮತಕ್ಕೆ ಬರುತ್ತದಲ್ಲ, ಮಹಾಪ್ರಭು. ಒಂದಕ್ಕೆ ಮೂರು ಕೊಟ್ಟಿದ್ದಕ್ಕೇ ಇಷ್ಟು ಅತ್ತವರು, ಸೊನ್ನೆಗೆ ಮೂರು ಕೊಟ್ಟರೆ ಬಿಟ್ಟಾರೇ?"